ಒಂದೇ ಅಚ್ಚಿನ ಎರಡು ಕಾರು

ನಮ್ಮ ಮನೆ ಶೋಕೇಸಿನಲ್ಲಿ ಒಂದು ಆಟದ ಕಾರಿದೆ. ಜಾಗ್ವಾರ್ ಮಾರ್ಕ್ ಟೆನ್. ಅಂಗೈಯಷ್ಟು ಉದ್ದ, ಕೈಗೆತ್ತಿಕೊಂಡರೆ ಒಳ್ಳೇ ತೂಕ. ಬಣ್ಣ ಅರ್ಧಕ್ಕರ್ಧ ಉದುರಿದೆ, ಹಿಂದಿನ ಒಂದು ಟೈರು ಎಂದೋ ಚರಂಡಿ ಪಾಲಾಗಿದೆ. ಮೊನ್ನೆ ಮನೆಗೆ ಬಂದಿದ್ದ ಮೊಮ್ಮಗ ಅದನ್ನು ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ತಾತ, ಇದರ ಹೆಸರು ಅಳಿಸಿದ್ದು ಯಾರು?" ಅಂತ ಕೇಳಿದ. ಮಕ್ಕಳೇ ಹಾಗೆ, ಮೊದಲು ನೋಡೋದು ತಳವನ್ನೇ! ಕಾರಿನ ಹೊಟ್ಟೆಯ ಕೆಳಗೆ, ಹೆಸರಿರಬೇಕಾದ ಜಾಗದಲ್ಲಿ, ಅರ ಹಾಕಿ ಉಜ್ಜಿದಂಥ ಗುರುತಿದೆ.

ಆ ಪ್ರಶ್ನೆ ನನಗೆ ಹೊಸದಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಾನೂ ಕೇಳಿದ್ದೆ, ಅದೂ ಕೆಟ್ಟದಾಗಿ. ಉತ್ತರ ಪೂರ್ತಿ ಅರ್ಥವಾಗಲು ನಲವತ್ತು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಅದನ್ನೇ ಹೇಳೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

1974ನೇ ಇಸವಿ. ನಾವಿದ್ದದ್ದು ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಬೆಳಗಾದರೆ ಅಚ್ಚು, ಮರಳು, ಕಾದ ಕಬ್ಬಿಣ. ಒಮ್ಮೆ ಕೆಲಸದ ಮೇಲೆ ಹದಿನೈದು ದಿನ ಕಲ್ಕತ್ತಾಗೆ ಹೋಗಿ ಬಂದರು. ಬರುವಾಗ ಅಮ್ಮನಿಗೆ ಒಂದು ಬಂಗಾಳಿ ಕಾಟನ್ ಸೀರೆ, ನನಗೆ ಈ ಕಾರು. ಪೆಟ್ಟಿಗೆಯ ಮೇಲೆ 'ನಿಕ್ಕಿ ಟಾಯ್ಸ್' ಅಂತಿತ್ತು. ತಗಡಿನ ಕೀಲಿಗೊಂಬೆ, ಚನ್ನಪಟ್ಟಣದ ಮರದ ಗಾಡಿ ಬಿಟ್ಟರೆ ಬೇರೆ ಕಂಡಿರದ ನನಗೆ ಹುಚ್ಚೇ ಹಿಡಿದಂತಾಯಿತು. ಡಿಕ್ಕಿ ತೆಗೆಯಬಹುದಿತ್ತು! ಮೇಲಿನಿಂದ ಬೆರಳಲ್ಲಿ ಒಂದು ಪಕ್ಕಕ್ಕೆ ಒತ್ತಿದರೆ ಮುಂದಿನ ಚಕ್ರ ಅತ್ತ ತಿರುಗುತ್ತಿತ್ತು!

ಸಂತೋಷ ಒಂದು ವಾರ ಬಾಳಿತು. ನಮ್ಮ ಬೀದಿಯ ಡಾಕ್ಟರ ಮಗನಿಗೆ ಲಂಡನ್ನಿನಲ್ಲಿದ್ದ ಅವನ ಸೋದರಮಾವ ಒಂದು ಕಾರು ಕಳಿಸಿದ್ದರು. ಅದೇ ಜಾಗ್ವಾರ್. ಅದೇ ಡಿಕ್ಕಿ, ಅದೇ ತಿರುಗುವ ಚಕ್ರ. ಆದರೆ ಅವನದರ ಬಣ್ಣ ಕನ್ನಡಿ ಹಾಗೆ ಹೊಳೀತಿತ್ತು, ತಳದಲ್ಲಿ 'ಡಿಂಕಿ ಟಾಯ್ಸ್, ಮೇಡ್ ಇನ್ ಇಂಗ್ಲೆಂಡ್' ಅಂತ ಉಬ್ಬಕ್ಷರ. ಅವನು ನನ್ನದನ್ನು ತಿರುಗಿಸಿ ನೋಡಿ ಒಂದೇ ಮಾತು ಹೇಳಿದ: "ನಿಂದು ನಕಲಿ ಕಣೋ. ಹೆಸರು ಅಳಿಸಿದಾರೆ ನೋಡು."

ಅವನನ್ನು ಕಾಡಿ ಬೇಡಿ ಒಂದು ಸಂಜೆಗೆ ಅವನ ಕಾರನ್ನು ಮನೆಗೆ ತಂದೆ. ಅಪ್ಪನ ಮುಂದೆ ಎರಡನ್ನೂ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತರು. ಎರಡರ ಡಿಕ್ಕಿಯನ್ನೂ ತೆಗೆದರು, ಒಳಗಡೆ ಉಗುರಾಡಿಸಿದರು, ಮತ್ತೆ ನೋಡಿದರು. "ಎರಡೂ ಒಂದೇ ಅಚ್ಚಿನವು ಕಣೋ" ಅಂದರು.

"ಸುಳ್ಳು. ಅಂಗಡಿಯವನು ನಿಮಗೆ ಮೋಸ ಮಾಡಿದಾನೆ. ಅದನ್ನ ಹೇಳೋಕೆ ನಿಮಗೆ ನಾಚಿಕೆ" ಅಂದೆ ನಾನು.

ಅಪ್ಪ ಏನೂ ಅನ್ನಲಿಲ್ಲ. ಕಾರುಗಳನ್ನು ಮೇಜಿನ ಮೇಲಿಟ್ಟು ಕೈತೊಳೆಯಲು ಹೋದರು. ನಾನು ಮಾರನೇ ದಿನ ನನ್ನ ಕಾರಿಗೆ ಹುರಿ ಕಟ್ಟಿ, ಕಲ್ಲಿನ ಮೇಲೆ ದರದರ ಎಳೆದುಕೊಂಡು ಬೀದಿ ಪೂರ್ತಿ ಓಡಿದೆ. ಟೈರು ಹೋದದ್ದು ಆಗಲೇ.

ಈಗ ಅಚ್ಚಿನ ವಿಷಯಕ್ಕೆ ಬರೋಣ. ಅದು ಅರ್ಥವಾಗದೆ ಈ ಕಾರುಗಳ ಚರಿತ್ರೆ ಅರ್ಥವಾಗುವುದಿಲ್ಲ. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹಾಕುವುದನ್ನು ನೋಡಿದ್ದೀರಲ್ಲ? ಮರದ ಎರಡು ಹೋಳು, ಒಂದರಲ್ಲಿ ಗಿಳಿಯ ಎಡಮೈ, ಇನ್ನೊಂದರಲ್ಲಿ ಬಲಮೈ. ಜೋಡಿಸಿ ಕಟ್ಟಿ ಪಾಕ ಹುಯ್ದು, ಆರಿದ ಮೇಲೆ ಬಿಚ್ಚಿದರೆ ಗಿಳಿ ರೆಡಿ. ಗಿಳಿಯ ಬೆನ್ನ ಮೇಲೆ ಹೋಳುಗಳು ಕೂಡಿದ ಕಡೆ ಸಣ್ಣ ಗೆರೆಯೊಂದು ಉಳಿದಿರುತ್ತೆ. ಅಚ್ಚಿನ ಮರದಲ್ಲಿ ಒಂದು ಸೀಳಿದ್ದರೆ ಪ್ರತಿಯೊಂದು ಗಿಳಿಯ ಮೇಲೂ ಆ ಸೀಳು ಮೂಡುತ್ತೆ. ಡೈಕಾಸ್ಟ್ ಅಂದರೆ ಇಷ್ಟೇ. ಮರದ ಬದಲು ಉಕ್ಕು, ಪಾಕದ ಬದಲು ಕರಗಿದ ಸತುವಿನ ಮಿಶ್ರಲೋಹ, ಕೈಯಲ್ಲಿ ಹುಯ್ಯುವ ಬದಲು ಯಂತ್ರದ ಒತ್ತಡ. ಆರಿದ ಕಾರನ್ನು ಅಚ್ಚಿನಿಂದ ಆಚೆ ತಳ್ಳಲು ಸಣ್ಣ ಕಡ್ಡಿಗಳಿರುತ್ತವೆ, ಅವುಗಳ ದುಂಡನೆಯ ಗುರುತು ಒಳಮೈಯಲ್ಲಿ ಉಳಿಯುತ್ತೆ. ಫೌಂಡ್ರಿಯವರು ನೋಡೋದು ಆ ಗುರುತನ್ನು, ಹೆಸರನ್ನಲ್ಲ.

(ನಮ್ಮ ಭಾಷೆಯ ಸೊಗಸು ನೋಡಿ. ಎರಕದ್ದೂ ಅಚ್ಚು, ಮುದ್ರಣದ್ದೂ ಅಚ್ಚು, ಗಾಡಿ ಚಕ್ರದ ನಡುವಿನ ಇರಚಿಯೂ ಅಚ್ಚೇ. ಆಟದ ಕಾರಿನ ಕಥೆಯಲ್ಲಿ ಮೂರೂ ಬರುತ್ತವೆ.)

ಮುದ್ರಣದ ಅಚ್ಚು ಎಲ್ಲಿಂದ ಬಂತು ಅಂತೀರಾ? 1893ರಲ್ಲಿ ಷಿಕಾಗೋದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಅದರ ಜೊತೆಜೊತೆಗೇ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದ್ದು ನಮಗೆಲ್ಲ ಗೊತ್ತು. ಅದೇ ಪ್ರದರ್ಶನಕ್ಕೆ ಸ್ಯಾಮ್ಯುಯೆಲ್ ಡೌಸ್ಟ್ ಎಂಬಾತನೂ ಹೋಗಿದ್ದ. ಅಣ್ಣತಮ್ಮಂದಿರು ಸೇರಿ ಲಾಂಡ್ರಿ ವ್ಯಾಪಾರದವರಿಗಾಗಿ ಒಂದು ಪತ್ರಿಕೆ ನಡೆಸುತ್ತಿದ್ದರು. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಲೈನೋಟೈಪ್ ಯಂತ್ರ, ಅಂದರೆ ಕರಗಿದ ಸೀಸದಿಂದ ಅಕ್ಷರದ ಸಾಲನ್ನೇ ಎರಕ ಹೊಯ್ಯುವ ಯಂತ್ರ. ಅಕ್ಷರ ಎರೆಯಬಹುದಾದರೆ ಬೇರೆ ಸಾಮಾನು ಯಾಕಾಗದು ಅಂತ ಅವನಿಗೆ ಹೊಳೆಯಿತು. ಮೊದಲು ಕಾಲರ್ ಗುಂಡಿ, ಆಮೇಲೆ ಲಾಂಡ್ರಿಯವರಿಗೆ ಬೆರಳುದ್ದದ ಇಸ್ತ್ರಿ ಪೆಟ್ಟಿಗೆ, ಮುಂದೆ 1910ರ ದಶಕದಲ್ಲಿ ಆಟದ ಕಾರು. 'ಟೂಟ್ಸೀಟಾಯ್' ಅಂತ ಹೆಸರಾದದ್ದು ಇದೇ ಸಂಸ್ಥೆ. ಬಟ್ಟೆ ಒಗೆಯುವವರ ಪತ್ರಿಕೆಯಿಂದ ಆಟದ ಕಾರು ಹುಟ್ಟಿತು ಅಂದರೆ ನಂಬೋದು ಕಷ್ಟ, ಆದರೂ ನಿಜ.

ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ ಈ ಕೆಲಸ ಹಿಡಿದವನು ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ. ಮಾಂಸ ಆಮದು ಮಾಡುವ ಕಂಪನಿಯಲ್ಲಿ ಗುಮಾಸ್ತನಾಗಿದ್ದವನು, ತನ್ನ ಮಕ್ಕಳಿಗಾಗಿ ತೂತುಪಟ್ಟಿಗಳ ಜೋಡಣೆ ಆಟಿಕೆಯೊಂದನ್ನು ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ಮೆಕಾನೊ. ಆಮೇಲೆ ಆಟದ ರೈಲು. ರೈಲಿದ್ದ ಮೇಲೆ ಸ್ಟೇಷನ್ ಬೇಕು, ಸ್ಟೇಷನ್ ಹೊರಗೆ ನಿಲ್ಲಿಸಲು ಒಂದಿಷ್ಟು ಗಾಡಿ ಬೇಕು. ಹೀಗೆ 1933ರ ಡಿಸೆಂಬರಿನಲ್ಲಿ ಆರು ಗಾಡಿಗಳ ಒಂದು ಸೆಟ್ ಬಂತು. ರೈಲಿಗೆ ಪಕ್ಕವಾದ್ಯ ಅಂತ ಬಂದದ್ದು ಮರುವರ್ಷ 'ಡಿಂಕಿ ಟಾಯ್ಸ್' ಅಂತ ಹೆಸರಿಟ್ಟುಕೊಂಡು ಮುಖ್ಯ ಗಾಯಕನ ಜಾಗಕ್ಕೇ ಬಂದು ಕೂತಿತು. ಹಾರ್ನ್‌ಬಿ 1936ರಲ್ಲಿ ತೀರಿಕೊಂಡ.

ಮೊದಮೊದಲು ಸೀಸ. ಆಮೇಲೆ ಸತು, ಅದಕ್ಕೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಷಿಯಂ, ತಾಮ್ರ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಹದಮಾಡಿದ ಈ ಮಿಶ್ರಲೋಹಕ್ಕೆ ಅಲ್ಲಿ ಜಮಾಕ್ ಅಂತಲೂ ಇಂಗ್ಲೆಂಡಿನಲ್ಲಿ ಮಜಾಕ್ ಅಂತಲೂ ಹೆಸರು. ಮಜಾಕ್ ಅಂದರೆ ನಮಗೆ ತಮಾಷೆ, ಆದರೆ ಸಂಗ್ರಾಹಕರ ನಿದ್ದೆ ಕೆಡಿಸಿರುವುದು ಇದೇ ಲೋಹ. ಇದು ಬಾಳಬೇಕಾದರೆ ಸತು ಬಹಳ ಶುದ್ಧ ಇರಬೇಕು. ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಸೀಸ ಸೇರಿದರೂ ಕೆಟ್ಟಿತು. ಸೀಸ ಲೋಹದ ಕಣಕಣದ ಸಂದಿಯಲ್ಲಿ ಹೋಗಿ ಕೂರುತ್ತೆ, ಗಾಳಿಯ ತೇವ ಅಲ್ಲಿಂದ ಒಳಗೆ ತಿನ್ನುತ್ತಾ ಹೋಗುತ್ತೆ. ವರ್ಷಗಳು ಕಳೆದಂತೆ ಕಾರು ಊದಿಕೊಳ್ಳುತ್ತೆ, ಬಾಗುತ್ತೆ, ಬಣ್ಣದಡಿ ಬಿರುಕು ಬಿಡುತ್ತೆ, ಒಂದು ದಿನ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತೆ. ಇದಕ್ಕೆ ಮದ್ದಿಲ್ಲ. 1930ರ ದಶಕದ ಕಾರ್ಖಾನೆಗಳಲ್ಲಿ ಸೀಸ, ಸತು ಎರಡರ ಕೆಲಸವೂ ನಡೆಯುತ್ತಿತ್ತು, ಬೆರಕೆಯಾಗುವುದು ಸುಲಭವಿತ್ತು. ಹಾಗಾಗಿ ಯುದ್ಧಪೂರ್ವದ ಎಷ್ಟೋ ಡಿಂಕಿಗಳು, ಮಕ್ಕಳ ಕೈಗೇ ಸಿಗದೆ ಪೆಟ್ಟಿಗೆಯಲ್ಲೇ ಜೋಪಾನವಾಗಿದ್ದವೂ ಸೇರಿ, ಇದ್ದಲ್ಲೇ ಪುಡಿಯಾದವು.

ಬಿರಿಯದೆ ಉಳಿದದ್ದಕ್ಕೆ ಅಷ್ಟು ಬೆಲೆ ಬರೋದು ಯಾಕೆ ಅಂತ ಇದರಿಂದ ಗೊತ್ತಾಗುತ್ತೆ. 2008ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 1930ರ ದಶಕದ ಒಂದು ಪುಟ್ಟ ಡಿಂಕಿ ವ್ಯಾನು 19,975 ಪೌಂಡಿಗೆ ಹೋಯಿತು. ಸಂಗ್ರಾಹಕರ ಲೋಕದ ವಿಚಿತ್ರ ಏನೆಂದರೆ ಅಲ್ಲಿ ಯಾರೂ ಆಡದ ಆಟಿಕೆಗೇ ಮರ್ಯಾದೆ ಹೆಚ್ಚು. ಪೆಟ್ಟಿಗೆ ಇದ್ದರೆ ಬೆಲೆ ಇಮ್ಮಡಿ ಮುಮ್ಮಡಿ. ನನ್ನ ಜಾಗ್ವಾರಿನ ಪೆಟ್ಟಿಗೆಯಲ್ಲಿ ಅಮ್ಮ ಗುಂಡುಸೂಜಿ ಹಾಕಿಟ್ಟಿದ್ದರು, ಯಾವಾಗ ಕಸಕ್ಕೆ ಹೋಯಿತೋ!

ಯುದ್ಧ ಮುಗಿದ ಮೇಲೆ ಡಿಂಕಿಗೆ ಪೈಪೋಟಿ ಹುಟ್ಟಿತು. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬಿಬ್ಬರು (ಹೆಸರಷ್ಟೇ ಒಂದು, ನೆಂಟರಲ್ಲ) ತಮ್ಮ ಹೆಸರುಗಳನ್ನು ಅರ್ಧರ್ಧ ಕತ್ತರಿಸಿ ಅಂಟಿಸಿ 'ಲೆಸ್ನಿ' ಕಂಪನಿ ಕಟ್ಟಿ, ಲಂಡನ್ನಿನ ಹಳೇ ಪಬ್ ಒಂದರಲ್ಲಿ ಎರಕದ ಕೆಲಸ ಶುರುಮಾಡಿದರು. ಜೊತೆಗೆ ಬಂದ ಜ್ಯಾಕ್ ಓಡೆಲ್ ಎಂಬ ಎಂಜಿನಿಯರನ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆ ಮಾತ್ರ ತರಬಹುದು ಅಂತ ನಿಯಮವಿತ್ತಂತೆ. ಅಪ್ಪ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟ. 1953ರಿಂದ 'ಮ್ಯಾಚ್‌ಬಾಕ್ಸ್' ಅಂತ ಲೋಕವೆಲ್ಲ ಹರಡಿದ್ದು ಅದರ ಮರಿಗಳೇ. 1956ರಲ್ಲಿ ಕಾರ್ಗಿ ಬಂತು, ಕಿಟಕಿಗೆ ಪಾರದರ್ಶಕ ಗಾಜು ಹಾಕಿಕೊಂಡು. 1965ರಲ್ಲಿ ಅವರೇ ಜೇಮ್ಸ್ ಬಾಂಡ್ ಕಾರು ಬಿಟ್ಟರು, ಸೀಟಿನಿಂದ ವೈರಿಯನ್ನು ಎಗರಿಸುವಂಥದ್ದು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್. ಅದರ ಗುಟ್ಟಿರುವುದು ನಾನು ಹೇಳಿದ ಮೂರನೇ ಅಚ್ಚಿನಲ್ಲಿ. ತೆಳುವಾದ ತಂತಿಯ ಇರಚಿ, ನುಣುಪಾದ ಪ್ಲಾಸ್ಟಿಕ್ ಬೇರಿಂಗು. ತಳ್ಳಿದರೆ ನಿಲ್ಲುತ್ತಲೇ ಇರಲಿಲ್ಲ. ಅದರ ಮುಂದೆ ಹಳೇ ಗಾಡಿಗಳೆಲ್ಲ ಎತ್ತಿನಗಾಡಿ ಆಗಿಬಿಟ್ಟವು.

ಈ ಓಟದಲ್ಲಿ ಏದುಸಿರು ಬಿಟ್ಟದ್ದು ಡಿಂಕಿ. 1964ರಲ್ಲೇ ಮೆಕಾನೊ ಕಂಪನಿ ಲೈನ್ಸ್ ಬ್ರದರ್ಸ್ ಪಾಲಾಗಿತ್ತು. ವರ್ಷವರ್ಷ ಹೊಸ ಮಾಡೆಲ್ ಬೇಕು, ಬಾಗಿಲು ತೆಗೆಯಬೇಕು, ಬಾನೆಟ್ ತೆಗೆಯಬೇಕು. ಉಕ್ಕಿನ ಅಚ್ಚು ಅಂದರೆ ಹುಡುಗಾಟ ಅಲ್ಲ. ಮೊದಲು ಕಾರಿಗಿಂತ ಹಲವು ಪಟ್ಟು ದೊಡ್ಡ ಮಾದರಿಯನ್ನು ಮರದಲ್ಲಿ ಕೆತ್ತಿ, ಅದರ ಅಂಚಿನ ಮೇಲೆ ಪ್ಯಾಂಟೋಗ್ರಾಫ್ ಯಂತ್ರ ಓಡಿಸಿ, ಅದನ್ನೇ ಕಿರಿದಾಗಿ ಉಕ್ಕಿನಲ್ಲಿ ಕೊರೆದು, ಕೊನೆಗೆ ನುರಿತವನೊಬ್ಬ ಕೈಯಲ್ಲಿ ತಿದ್ದಬೇಕು. ಅಷ್ಟು ಶ್ರಮದ ಅಚ್ಚು ನಾಲ್ಕೈದು ವರ್ಷದಲ್ಲಿ ಫ್ಯಾಷನ್ ಹೋಯಿತು ಅಂತ ಮೂಲೆಗೆ. ಜಾಗ್ವಾರ್ ಮಾರ್ಕ್ ಟೆನ್ ಡಿಂಕಿಯಲ್ಲಿ ಬಂದದ್ದು 1962ರಲ್ಲಿ. 1960ರ ದಶಕ ಮುಗಿಯುವ ಹೊತ್ತಿಗೆ ಅದೂ ಮೂಲೆಯದಾಗಿತ್ತು.

ಅದೇ ಹೊತ್ತಿಗೆ ನಮ್ಮ ದೇಶದ ಬಾಗಿಲು ಮುಚ್ಚಿತ್ತು. 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ನಂತರ ಆಮದು ಲೈಸೆನ್ಸ್ ಅಂದರೆ ತಪಸ್ಸು. ಆಟಿಕೆಯಂಥ ಸಾಮಾನಿಗೆ ಡಾಲರು, ಪೌಂಡು ಯಾರು ಕೊಡುತ್ತಾರೆ? ಆದರೆ ಅಚ್ಚನ್ನೇ ತಂದುಕೊಂಡರೆ ಇಲ್ಲೇ ಎರಕ ಹೊಯ್ಯಬಹುದಲ್ಲ. ಹೀಗೆ 1960ರ ದಶಕದ ಕೊನೆಯ ಸುಮಾರಿಗೆ ಡಿಂಕಿಯ ಒಂದಿಷ್ಟು ಹಳೇ ಅಚ್ಚುಗಳು ಕಲ್ಕತ್ತಾದ ಎಸ್. ಕುಮಾರ್ ಅಂಡ್ ಕಂಪನಿಯ ಕೈಸೇರಿದವು. ಅಟಾಮ್ಕೊ ಪ್ರೈವೇಟ್ ಲಿಮಿಟೆಡ್ ಅನ್ನುವ ಹೆಸರಿನಲ್ಲಿ ಅವರು ತಯಾರಿಸಿದ್ದೇ ನಿಕ್ಕಿ ಟಾಯ್ಸ್. ಡಿಂಕಿಗೆ ಪ್ರಾಸ ನಿಕ್ಕಿ! ಜಾಗ್ವಾರ್ ಇ-ಟೈಪ್, ಎಂಜಿಬಿ, ಫೋಕ್ಸ್‌ವ್ಯಾಗನ್ 1500, ಮರ್ಸಿಡಿಸ್ 220, ಜೊತೆಗೆ ನನ್ನ ಮಾರ್ಕ್ ಟೆನ್. ಅಚ್ಚು ಬಂದಿತ್ತೇ ಹೊರತು ಡಿಂಕಿ ಅನ್ನುವ ಹೆಸರು ಜೊತೆಗೆ ಬಂದಿರಲಿಲ್ಲ. ಅದಕ್ಕೇ ಹಲವು ಕಾರುಗಳ ತಳದಲ್ಲಿ ಹಳೇ ಹೆಸರನ್ನು ಅಳಿಸಿದರು. ಕೆಲವು ಹಾಗೆಯೇ ಉಳಿದುಕೊಂಡವು. ಬಣ್ಣ ದಪ್ಪ, ಅಂಚು ಅಷ್ಟು ಚೂಪಿಲ್ಲ. ಲಕ್ಷಾಂತರ ಸಲ ಬಿಸಿ ಲೋಹ ಕುಡಿದ ಅಚ್ಚು ಸವೆದಿರುತ್ತೆ ತಾನೇ?

ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಮಿನಿ ಬಸ್ಸು. ಡಿಂಕಿಯಲ್ಲಿ ಅದು 'ಅಟ್ಲಾಸ್ ಕೆನೆಬ್ರೇಕ್', ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪನಿಯ ವ್ಯಾನು. ನಿಕ್ಕಿಯಲ್ಲಿ ಅದರ ಹೆಸರು 'ಸ್ಟ್ಯಾಂಡರ್ಡ್ 20'. ಯಾಕೆಂದರೆ ಅದೇ ವ್ಯಾನನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಆ ಹೆಸರಿನಲ್ಲಿ ಇಲ್ಲಿ ಮಾಡುತ್ತಿದ್ದರು. ಅಂದರೆ ದೊಡ್ಡ ಗಾಡಿ ಮದರಾಸಿಗೆ ಬಂತು, ಅದರ ಆಟಿಕೆ ಕಲ್ಕತ್ತಾಗೆ ಬಂತು!

ಇಲ್ಲೇ ನನ್ನ ತಲೆಯೊಳಗೆ ಏನೋ ಕಳಚಿಕೊಂಡದ್ದು. ನಾವು ಬೆಳೆದ ರಸ್ತೆಯ ಮೇಲೆ ಓಡುತ್ತಿದ್ದುದೆಲ್ಲ ಹೀಗೆ ಬಂದದ್ದೇ ಅಲ್ಲವೇ? ಅಂಬಾಸಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅಲ್ಲಿ ಹಳತಾದ ಮೇಲೆ ಕಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ 1957ರಿಂದ ಶುರುವಾಗಿ 2014ರವರೆಗೆ ತಯಾರಾಯಿತು. ಬುಲೆಟ್ ಬಂದದ್ದು ಇಂಗ್ಲೆಂಡಿನಿಂದ ಮದರಾಸಿಗೆ. ಪದ್ಮಿನಿ ಅಂದರೆ ಇಟಲಿಯ ಫಿಯೆಟ್. ನಮ್ಮ ಮೈಸೂರಿನ ಜಾವಾ ಜೆಕ್ ದೇಶದ್ದು. ಅಂಬಾಸಡರನ್ನು ನಕಲಿ ಮಾರಿಸ್ ಅಂತ ಯಾರೂ ಕರೆಯಲಿಲ್ಲ. ಮಂತ್ರಿಗಳು ಓಡಾಡಿದರು, ಮದುವೆ ದಿಬ್ಬಣ ಹೋಯಿತು. ನಮ್ಮ ಡಾಕ್ಟರ ಮನೆ ಮುಂದೆ ನಿಂತಿದ್ದುದೂ ಅಂಬಾಸಡರೇ! ಅದಕ್ಕಿಲ್ಲದ ಕಳಂಕ ನನ್ನ ಅಂಗೈಯಗಲದ ಜಾಗ್ವಾರಿಗೆ ಯಾಕೆ ಅಂಟಿತು?

ಅಚ್ಚುಗಳು ದೇಶಾಂತರ ಹೋಗೋದು ಅಲ್ಲಿಗೆ ನಿಲ್ಲಲಿಲ್ಲ. ಫ್ರಾನ್ಸಿನ ಡಿಂಕಿ ಅಚ್ಚುಗಳು ಸ್ಪೇನಿಗೆ ಹೋದವು. ಮ್ಯಾಚ್‌ಬಾಕ್ಸ್ ಅಚ್ಚುಗಳು ಬಲ್ಗೇರಿಯಾಕ್ಕೆ. ಹಾಟ್ ವೀಲ್ಸ್ 1980ರ ದಶಕದಲ್ಲಿ ನಮ್ಮಲ್ಲೇ 'ಲಿಯೊ' ಹೆಸರಿನಲ್ಲಿ ಬಂತು, ಅಮೆರಿಕದವರು ಕನಸಲ್ಲೂ ಬಳಿಯದ ಬಣ್ಣಗಳಲ್ಲಿ. ಈಗ ಅಲ್ಲಿನ ಸಂಗ್ರಾಹಕರು ಆ ಬಣ್ಣಗಳಿಗಾಗಿಯೇ ಹುಡುಕಾಡುತ್ತಾರೆ. ನಿಕ್ಕಿಯನ್ನೂ ಹುಡುಕುವವರಿದ್ದಾರೆ. ಹೆತ್ತ ಕಂಪನಿಗಳು ಮಾತ್ರ ಉಳಿಯಲಿಲ್ಲ. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆ 1979ರ ನವೆಂಬರಿನಲ್ಲಿ ಮುಚ್ಚಿತು. ಲೆಸ್ನಿ 1982ರಲ್ಲಿ ದಿವಾಳಿ, ಕಾರ್ಗಿ ಮಾಡುತ್ತಿದ್ದ ಮೆಟ್ಟಾಯ್ ಮರುವರ್ಷ. 1997ರಲ್ಲಿ ಮ್ಯಾಚ್‌ಬಾಕ್ಸ್ ಹೆಸರು ಹೋಗಿ ಹೋಗಿ ಮ್ಯಾಟೆಲ್ ಮಡಿಲಿಗೇ ಬಿತ್ತು.

ಇದನ್ನೆಲ್ಲ ನಾನು ಓದಿ ತಿಳಿದದ್ದು ಅಪ್ಪ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಒಂದು ಭಾನುವಾರ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೇ ಬೀಗ, ಗಡಿಯಾರದ ಮುಳ್ಳು ಹರಡಿಕೊಂಡಿದ್ದವನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದವರೊಬ್ಬರು ಒಂದು ಮುರುಕು ಮ್ಯಾಚ್‌ಬಾಕ್ಸ್ ಲಾರಿಗೆ ಚೌಕಾಸಿ ಮಾಡುತ್ತಿದ್ದರು. ಮಾತಿಗೆ ಮಾತು ಬೆಳೆಯಿತು. ಅವರ ಮನೆಯಲ್ಲಿ ಇಂಗ್ಲೆಂಡಿನ ಮಾರ್ಕ್ ಟೆನ್ ಇದೆ ಅಂತ ಗೊತ್ತಾದದ್ದೇ ತಡ, ಮುಂದಿನ ವಾರ ನನ್ನ ಟೈರಿಲ್ಲದ ಗಾಡಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಅವರ ಮನೆ ಬಾಗಿಲಲ್ಲಿದ್ದೆ.

ಅವರು ತಮ್ಮದನ್ನು ಬಟ್ಟೆಯ ಗ್ಲೌಸ್ ಹಾಕಿಕೊಂಡು ತೆಗೆದರು. ನಾನು ಭೂತಗನ್ನಡಿ ಕೇಳಿದೆ. ಎರಡರ ಡಿಕ್ಕಿಯನ್ನೂ ತೆಗೆದು ಕಿಟಕಿ ಹತ್ತಿರ ಹಿಡಿದೆ. ಮುಚ್ಚಳದ ಒಳಮೈಯಲ್ಲಿ ದುಂಡು ಗುರುತು. ಅದರ ಪಕ್ಕದಲ್ಲಿ, ಜೀರಿಗೆಯಷ್ಟು ಉದ್ದ, ಸ್ವಲ್ಪ ಎಡಕ್ಕೆ ಬಾಗಿದ ಒಂದು ಉಬ್ಬುಗೆರೆ. ಅಚ್ಚು ಕೊರೆದವನ ಉಳಿ ಎಲ್ಲೋ ಜಾರಿತ್ತು. ಲಿವರ್‌ಪೂಲಿನದರಲ್ಲೂ ಇತ್ತು, ಕಲ್ಕತ್ತಾದ್ದರಲ್ಲೂ ಇತ್ತು. ನನ್ನದರಲ್ಲಿ ಸವೆದು ಸ್ವಲ್ಪ ಮೊಂಡಾಗಿತ್ತು, ಅಷ್ಟೇ. ಉಗುರಾಡಿಸಿದರೆ ತಾಗುತ್ತಿತ್ತು.

ಅವರು "ಇದನ್ನ ಕೊಡ್ತೀರಾ?" ಅಂತ ಕೇಳಿದರು. ಇಲ್ಲ ಅಂದೆ. ಫೋನಿನಲ್ಲಿ ಎರಡರದ್ದೂ ಫೋಟೋ ತೆಗೆದುಕೊಂಡು ಬಂದೆ.

ಮನೆಗೆ ಬಂದು ಅಮ್ಮನಿಗೆ ದೊಡ್ಡದು ಮಾಡಿ ತೋರಿಸಿದೆ. ಗೆರೆ, ಗುರುತು, ಅಚ್ಚು, ಲಿವರ್‌ಪೂಲು, ಕಲ್ಕತ್ತಾ ಎಲ್ಲ ವಿವರಿಸಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡರು.

"ಅವರು ಆವತ್ತೇ ಹೇಳಿದ್ರಲ್ಲೋ" ಅಂದರು.